ಶೆಡ್ಡು ದಾಟುವ ಮುಂಚೆ

ನನ್ನ ಸಹಿ ಬೇಡ ಅಂದವರು ಇಷ್ಟು ವರ್ಷಗಳಲ್ಲಿ ಅವರೊಬ್ಬರೇ.

ನಾನು ಚನ್ನರಾಯಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆ ಹಾಸನದಲ್ಲಿ. ಇತಿಹಾಸಕ್ಕಾಗಿ ನನ್ನನ್ನು ಹುಡುಕಿಕೊಂಡು ಬಂದವರು ಯಾರೂ ಇಲ್ಲ. ಬರುವವರೆಲ್ಲ ಬರುವುದು ನನ್ನ ಹುದ್ದೆಗೆ ಅಂಟಿಕೊಂಡಿರುವ ‘ಗೆಜೆಟೆಡ್’ ಅನ್ನುವ ಒಂದು ಪದಕ್ಕಾಗಿ. ಹಸಿರು ಇಂಕಿನ ಪೆನ್ನು, ‘ಮೂಲದೊಂದಿಗೆ ತಾಳೆ ನೋಡಲಾಗಿದೆ’ ಅನ್ನುವ ರಬ್ಬರ್ ಸೀಲು, ಇವೆರಡೂ ಮನೆಯಲ್ಲಿ ಒಂದು ಜೊತೆ, ಕಾಲೇಜಿನಲ್ಲಿ ಒಂದು ಜೊತೆ. ಅಂಕಪಟ್ಟಿಯೋ ಆದಾಯ ಪ್ರಮಾಣಪತ್ರವೋ ಯಾರು ಏನು ತಂದರೂ ಜೆರಾಕ್ಸ್ ಮೇಲೆ ಠಪ್ ಅಂತ ಸೀಲು ಒತ್ತಿ ಗೀಚಿ ಕೊಡುತ್ತಿದ್ದೆ. ಮೂಲವನ್ನು ನೋಡುತ್ತಿರಲಿಲ್ಲ. ಗ್ಯಾಸ್ ಆಫ್ ಮಾಡಿದೆಯಾ ಅಂತ ಶಾಂತಿಗ್ರಾಮ ದಾಟುವಾಗ ಬಸ್ಸಿನಿಂದ ಹೆಂಡತಿಗೆ ಫೋನ್ ಮಾಡುವ ಮನುಷ್ಯ ನಾನು. ಕೆಮ್ಮಿದರೆ ಟಿ.ಬಿ., ಫೋನ್ ಎತ್ತದಿದ್ದರೆ ಅಪಘಾತ. ಅಂಥವನು ಜೀವಮಾನದಲ್ಲಿ ಚಿಂತೆ ಮಾಡದೇ ಮಾಡಿದ ಕೆಲಸ ಒಂದೇ ಒಂದು, ಅದು ಸಹಿ.

ಅವರು ನಮ್ಮ ಬೀದಿಗೆ ಹೊಸದಾಗಿ ಬಂದಿದ್ದರು, ನಮ್ಮ ಮನೆಯಿಂದ ಎರಡನೇ ಮನೆ. ಒಂದು ಭಾನುವಾರ ಬೆಳಗ್ಗೆ ಪಿಂಚಣಿಯ ಕಾಗದ ಹಿಡಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಶರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಬೆರಳಿನಷ್ಟು ಉದ್ದದ ಟಾರ್ಚು. ಟೀಪಾಯಿಯ ಮೇಲೆ ಎಡಕ್ಕೆ ಮೂಲ, ಬಲಕ್ಕೆ ಜೆರಾಕ್ಸ್ ಸಾಲಾಗಿ ಜೋಡಿಸಿದರು. ಅವರು ಕೂರುವಷ್ಟರಲ್ಲಿ ನಾನು ಸೀಲು ಒತ್ತಿ ಸಹಿ ಹಾಕಿ ಮುಗಿಸಿದ್ದೆ. ಕಾಗದ ತೆಗೆದುಕೊಂಡು ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

“ಸಾ, ನೀವು ಒರಿಜಿನಲ್ ನೋಡ್ಲೇ ಇಲ್ವಲ್ಲ.”

ನಿಮ್ಮ ಮೇಲೆ ನಂಬಿಕೆ ಇದೆ ಬಿಡಿ ಅಂದೆ, ದೊಡ್ಡ ಮನಸ್ಸು ಮಾಡಿದವನ ಹಾಗೆ.

“ನನ್ನ ನಂಬಿ ಅಂತ ನಾ ಕೇಳ್ಲಿಲ್ಲ. ನೋಡಿದ್ದೀನಿ ಅಂತ ನೀವೇ ಬರ್ದಿದ್ದೀರಿ. ನೋಡಿ.”

ಇನ್ನೊಂದು ಜೆರಾಕ್ಸ್ ತೆಗೆದು ಇಟ್ಟರು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ನಾನು ಎರಡನ್ನೂ ಸಾಲು ಸಾಲಾಗಿ ಓದಿದೆ. ಅವರು ಟಾರ್ಚು ಹಾಕಿ ಹಿಡಿದಿದ್ದರು, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ. ಮಡಿಕೆ ಬಿದ್ದ ಕಡೆ ಹುಟ್ಟಿದ ವರ್ಷದ ಒಂದು ಅಂಕಿ ಜೆರಾಕ್ಸಿನಲ್ಲಿ ಮೂಡಿರಲಿಲ್ಲ. ಅದನ್ನು ನಾನೇ ಕಂಡುಹಿಡಿದೆ ಅಂತ ಅವರಿಗೆ ಬಹಳ ಖುಷಿಯಾಯಿತು. ಬೇರೆ ಪ್ರತಿ ಮಾಡಿಸಿಕೊಂಡು ಬಂದು ಸಹಿ ಪಡೆದರು. ಮೊದಲ ಪ್ರತಿಯನ್ನು ನಾಲ್ಕಾಗಿ ಹರಿದು ತಮ್ಮ ಜೇಬಿಗೆ ಹಾಕಿಕೊಂಡರು. ಆ ಸಹಿಯನ್ನು ನನ್ನ ಮನೆಯ ಕಸದಬುಟ್ಟಿಗೂ ಬಿಡಲಿಲ್ಲ. ನಾನು ಅದಾದ ಮೇಲೆ ಒಂದು ವಾರ ಕಾಲೇಜಿನಲ್ಲಿ ಬಂದವರ ಮೂಲವನ್ನೆಲ್ಲ ನೋಡಿದೆ. ಎರಡನೇ ವಾರ ಮೊದಲಿನ ಹಾಗೇ ಆದೆ.

ಅವರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯವರು. ಐಟಿಐ ಮುಗಿಸಿ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುವ ಒಂದು ಶೆಡ್ಡಿಗೆ ಫಿಟ್ಟರಾಗಿ ಸೇರಿ, ತಪಾಸಣೆ ಮಾಡುವ ಇನ್‌ಸ್ಪೆಕ್ಟರಾಗಿ ಹೊರಬಂದವರು. ನಮ್ಮ ಬೀದಿಯಲ್ಲಿ ಅವರಿಗೆ ‘ಇನ್‌ಸ್ಪೆಕ್ಟ್ರು’ ಅಂತಲೇ ಹೆಸರಾಯಿತು. ಯಾವ ಇನ್‌ಸ್ಪೆಕ್ಟ್ರು ಅಂತ ಯಾರೂ ಕೇಳಿಕೊಳ್ಳಲಿಲ್ಲ. ಅವರು ಬಂದ ಮೇಲೆ ಹಾಲಿನವನ ಹಾಲು ಒಂದಷ್ಟು ದಿನ ಗಟ್ಟಿಯಾಗಿದ್ದದ್ದು ನಿಜ.

ಅವರ ಬಲಗೈಯಲ್ಲಿ ಯಾವಾಗಲೂ ಒಂದು ಹಳೇ ಕಾಲದ ದಪ್ಪ ರೂಪಾಯಿ ಇರುತ್ತಿತ್ತು. ಅದರಿಂದ ಅವರು ಕಂಡದ್ದನ್ನೆಲ್ಲ ಕುಟ್ಟುತ್ತಿದ್ದರು. ವಿಮಾನದ ರೆಕ್ಕೆಯ ಮೈ ಪದರ ಪದರವಾಗಿ ಅಂಟಿಸಿದ್ದಿರುತ್ತದಂತೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ ಕಣ್ಣಿಗೆ ಕಾಣುವುದಿಲ್ಲ. ನಾಣ್ಯದಲ್ಲಿ ಕುಟ್ಟುತ್ತಾ ಹೋಗಬೇಕು, ಗಟ್ಟಿ ಇದ್ದ ಕಡೆ ಟಿಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ಟಪ್ ಅನ್ನುತ್ತದೆ. ದೊಡ್ಡ ದೊಡ್ಡ ಯಂತ್ರಗಳು ಬಂದ ಮೇಲೂ ಮೊದಲು ನಾಣ್ಯದಲ್ಲಿ ಕುಟ್ಟಿ ನೋಡುವುದು ಹೋಗಲಿಲ್ಲವಂತೆ. ಇಡೀ ನೌಕರಿ ಹಾಗೆ ಕುಟ್ಟಿದ ಕೈ ರಿಟೈರ್ ಆದ ಮೇಲೆ ಸುಮ್ಮನಿರುತ್ತದೆಯೇ? ತೆಂಗಿನಕಾಯಿ, ನೀರಿನ ಟ್ಯಾಂಕು, ನಿಂತ ಬಸ್ಸಿನ ಮೈ, ನಮ್ಮ ಮನೆಯ ಪ್ಲೈವುಡ್ ಬಾಗಿಲು ಎಲ್ಲವನ್ನೂ ಕುಟ್ಟಿ ಕಿವಿ ಕೊಡುತ್ತಿದ್ದರು.

ಒಮ್ಮೆ ಅರಕಲಗೂಡು ರಸ್ತೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎಲ್ಲಿ ಹೋದರಪ್ಪ ಅಂತ ನೋಡಿದರೆ, ಹೊಸ ನಡುಮನೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಕುಟ್ಟುತ್ತಿದ್ದಾರೆ. ಮನೆಯ ಯಜಮಾನರು ನಗುನಗುತ್ತಾ ಬಂದು ನಿಂತರು. ಇವರು ತಲೆಯೆತ್ತಿ, ಇಲ್ಲಿಂದ ಇಲ್ಲೀಗಂಟ ಆರು ಟೈಲ್ಸ್ ಟೊಳ್ಳು ಅಂದರು. ಆವತ್ತು ನಮಗಿಬ್ಬರಿಗೂ ಹೋಳಿಗೆ ಒಂದೊಂದೇ ಬಿತ್ತು. ವರ್ಷದ ಮೇಲೆ ನಾನೇ ಚುಚ್ಚಿದೆ, ಆ ಟೈಲ್ಸು ಇನ್ನೂ ಎದ್ದಿಲ್ಲವಂತೆ ಅಂತ. “ಏಳ್ದೇ ಇದ್ರೆ ಒಳ್ಳೇದೇ. ಟೊಳ್ಳು ಇರಾದು ಮಾತ್ರ ಇದ್ದೇ ಅದೆ” ಅಂದರು. ಆ ಮಾತು ಆಗ ನನಗೆ ಮೊಂಡುತನ ಅನ್ನಿಸಿತ್ತು.

ನನ್ನ ಮಗಳು ಸಹನಾ ಆಗ ಹೈಸ್ಕೂಲು. ಅವಳಿಗೆ ಅವರು ‘ತಾತ’, ಅವರಿಗೆ ಅವಳು ‘ಮಗಾ’. ಕಣ್ಣು ಮುಚ್ಚಿಸಿ ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಕುಟ್ಟಿ, ಸೀಳಿರುವುದು ಯಾವುದು ಹೇಳು ಅನ್ನುತ್ತಿದ್ದರು. ಮೊದಮೊದಲು ತಪ್ಪು ಹೇಳುತ್ತಿದ್ದವಳು ಆಮೇಲೆ ಕೂದಲೆಳೆಯಷ್ಟು ಬಿರುಕಿದ್ದ ಪಿಂಗಾಣಿ ಕಪ್ಪನ್ನೂ ಹಿಡಿಯುತ್ತಿದ್ದಳು. ನನ್ನ ಹೆಂಡತಿಗೆ ಸಿಟ್ಟು, ಇದ್ದಬದ್ದ ಕಪ್ಪೆಲ್ಲ ಸೀಳಿದೆ ಅಂತ ಗೊತ್ತಾದ ಮೇಲೆ ನೆಂಟರಿಗೆ ಯಾವುದರಲ್ಲಿ ಕಾಫಿ ಕೊಡುವುದು ಅಂತ.

ಬೂವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದೆ ಅನ್ನುವ ಸುದ್ದಿ ನಮ್ಮೂರಿನಲ್ಲಿ ಆಗಾಗ ಬರುತ್ತದೆ. ವಿಮಾನ ಮಾತ್ರ ಬರುವುದಿಲ್ಲ. ಹಾಗೆ ಒಂದು ಸಲ ಸುದ್ದಿ ಬಂದಾಗ ಮೂವರೂ ಜಾಗ ನೋಡಲು ಹೋದೆವು. ಬಯಲಿತ್ತು, ಗಾಳಿಯಿತ್ತು, ದೂರದಲ್ಲಿ ಯಾರದೋ ಎಮ್ಮೆಗಳಿದ್ದವು. ನಾನು ಆಕಾಶ ನೋಡಿದೆ. ಅವರು ನೆಲ ನೋಡುತ್ತಾ ಶೆಡ್ಡು ಎಲ್ಲಿ ಕಟ್ತಾರಂತೆ ಅಂತ ಕೇಳಿದರು. “ಆರಾಡಾದೇನು ದೊಡ್ದಲ್ಲ ಮಗಾ. ಇಳಿದ್ಮೇಲೆ ಅದ ಮುಟ್ಟಿ ನೋಡೋನು ಯಾರು? ಅದು ಕೇಳ್ಬೇಕು.” ಸಹನಾ ಏರೋಸ್ಪೇಸ್ ಎಂಜಿನಿಯರಿಂಗ್ ಓದುವುದು ಅಂತ ತೀರ್ಮಾನ ಮಾಡಿದ್ದು ಆ ಎಮ್ಮೆಗಳ ಎದುರಿಗೇ. ನಾನೂ ಒಪ್ಪಿದೆ. ನಿಲ್ದಾಣ ಆದ ಮೇಲೆ ಮಗಳು ಮನೆಯಿಂದ ಡಬ್ಬಿ ಕಟ್ಟಿಸಿಕೊಂಡು ಸ್ಕೂಟಿಯಲ್ಲಿ ಕೆಲಸಕ್ಕೆ ಹೋಗಿಬರುವ ಚಿತ್ರ ನನ್ನ ಮನಸ್ಸಿನಲ್ಲಿತ್ತು. ಡಬ್ಬಿಯಲ್ಲಿ ಚಿತ್ರಾನ್ನ ಕೂಡ ಇತ್ತು.

ಅವರು ಹೇಳುತ್ತಿದ್ದ ಕತೆಗಳು ಎರಡೇ. ಎರಡನ್ನೂ ನಾನು ಎಷ್ಟು ಸಲ ಕೇಳಿದ್ದೇನೋ.

ಒಂದು ಸ್ಪ್ಯಾನರಿನ ಕತೆ. ಅವರ ಶೆಡ್ಡಿನಲ್ಲಿ ಉಪಕರಣಗಳನ್ನು ತೂಗುಹಾಕುವ ಹಲಗೆಯ ಮೇಲೆ ಒಂದೊಂದು ಉಪಕರಣದ ನೆರಳನ್ನೂ ಬಣ್ಣದಲ್ಲಿ ಬರೆದಿರುತ್ತಿದ್ದರಂತೆ. ವಿಮಾನ ಶೆಡ್ಡಿನಿಂದ ಆಚೆ ಹೋಗುವ ಮುಂಚೆ ಹಲಗೆ ತುಂಬಿರಬೇಕು. ಒಂದು ಸಂಜೆ ಒಂದು ಸ್ಪ್ಯಾನರಿನ ನೆರಳು ಖಾಲಿ. ಎಲ್ಲರೂ ನಿಂತರು. ಒಬ್ಬ ಮುಂದೆ ಬಂದು, ರೆಕ್ಕೆಯೊಳಗೆ ನಾನೇ ಬಿಟ್ಟೆ ಅನ್ನಿಸುತ್ತದೆ ಅಂದ. ಮುಚ್ಚಿದ್ದ ರೆಕ್ಕೆಯನ್ನು ಮತ್ತೆ ಬಿಚ್ಚಿ, ಎರಡು ದಿನದ ಕೆಲಸ ಹಾಳುಮಾಡಿ ಅದನ್ನು ತೆಗೆದರು. ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. “ಯೇಳ್ದೋನ್ಗೆ ಬೈಬಾರ್ದು, ಅದು ನಮ್ ಶೆಡ್ಡಿನ ರೂಲ್ಸು. ಬೈದ್ರೆ ಮುಂದ್ಲ ಸತಿ ಯಾವನ್ ಯೇಳ್ತಾನೆ? ಶೆಡ್ ದಾಟೋಕ್ ಮುಂಚೆ ಯೇಳುದ್ರೆ ಅದೂ ಒಂದು ಕೆಲ್ಸ ಕಣ ಮೇಷ್ಟ್ರೇ. ದಾಟುದ್ಮೇಲೆ ಯೇಳುದ್ರೆ ಬರೀ ಸುದ್ದಿ.”

ಇನ್ನೊಂದು ಕತೆ ಅವರದೇ. ರಿಟೈರ್ ಆಗಲು ಎರಡು ವರ್ಷ ಇರುವಾಗ ಒಂದು ದಿನ ಒಂದೇ ಜಾಗವನ್ನು ಮೂರು ಸಲ ಕುಟ್ಟಿದರಂತೆ. ಟಿಣ್ಣೋ ಟಪ್ಪೋ ತಿಳಿಯಲಿಲ್ಲ. ಪಕ್ಕದವನನ್ನು ಕರೆದು ಕುಟ್ಟಿಸಿದರೆ ಅವನಿಗೆ ಸಲೀಸಾಗಿ ತಿಳಿಯಿತು. ಬಲಗಿವಿ ಹೋಗುತ್ತಿತ್ತು. ಅವರು ಆ ಮಧ್ಯಾಹ್ನವೇ ತಮ್ಮ ಸೀಲು ತೆಗೆದುಕೊಂಡು ಹೋಗಿ ಮೇಲಿನವರ ಮೇಜಿನ ಮೇಲಿಟ್ಟರು. ಯಾರೂ ಕೇಳಿರಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ. ಕಿವಿ ಯಾವಾಗಿನಿಂದ ಹೋಗುತ್ತಿತ್ತೋ ನನಗೆ ಗೊತ್ತಿಲ್ಲ, ಹಿಂದಿನ ಆರು ತಿಂಗಳು ನಾನು ಪಾಸು ಮಾಡಿದ್ದನ್ನೆಲ್ಲ ಇನ್ನೊಬ್ಬರ ಕೈಲಿ ನೋಡಿಸಿ ಅಂತ ಬರೆದುಕೊಟ್ಟರು. ಶೆಡ್ಡೆಲ್ಲ ಅವರಿಗೆ ಶಾಪ ಹಾಕಿತು. ನೋಡಿಸಿದರು. ಎಲ್ಲವೂ ಸರಿಯಾಗಿತ್ತು.

ಹಾಗಾದರೆ ಒಳ್ಳೆಯದೇ ಆಯಿತಲ್ಲ ಅಂದಿದ್ದೆ, ಮೊದಲ ಸಲ ಕೇಳಿದಾಗ.

“ಸರಿ ಇತ್ತು. ಅದು ನನ್ ಪುಣ್ಯ, ನನ್ ಕೆಲ್ಸ ಅಲ್ಲ.”

ಸಹನಾ ಬೆಂಗಳೂರಿನ ಒಂದು ಕಾಲೇಜು ಸೇರಿದಳು. ಎರಡನೇ ವರ್ಷದ ಕೊನೆಗೆ ಒಂದು ವಿಭಾಗ ಆರಿಸಿಕೊಳ್ಳಬೇಕು, ಮುಂದಿನ ಎರಡು ವರ್ಷ ಅದರಲ್ಲೇ ವಿಶೇಷ ಓದು, ಆಮೇಲೆ ಕೆಲಸ ಸಿಗುವುದೂ ಹೆಚ್ಚುಕಮ್ಮಿ ಅದರಲ್ಲೇ ಅಂತ ಗೊತ್ತಾದ ದಿನದಿಂದ ನನಗೆ ಊಟ ಸೇರಲಿಲ್ಲ. ಅವರು ಅವಳಿಗೆ ನಾಲ್ಕು ವಿಭಾಗಗಳನ್ನೂ ಒಂದೇ ಉಸಿರಿನಲ್ಲಿ ಬಿಡಿಸಿ ಹೇಳಿದ್ದರು. “ಗಾಳಿ, ಬೆಂಕಿ, ಮೂಳೆ, ನರ. ಇಷ್ಟೇ ಕಣ್ ಮಗಾ ವಿಮಾನ.” ಗಾಳಿ ಅಂದರೆ ಏರೋಡೈನಮಿಕ್ಸ್. ಬೆಂಕಿ ಅಂದರೆ ಪ್ರೊಪಲ್ಷನ್, ಎಂಜಿನ್ನಿನ ವಿದ್ಯೆ. ಮೂಳೆ ಅಂದರೆ ಸ್ಟ್ರಕ್ಚರ್ಸ್, ರೆಕ್ಕೆ ಮತ್ತು ಮೈಕಟ್ಟು ಎಷ್ಟು ತಡೆಯುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಅನ್ನುವುದು. ನರ ಅಂದರೆ ಏವಿಯಾನಿಕ್ಸ್, ಒಳಗಿನ ವೈರು, ಕಂಪ್ಯೂಟರು, ರೇಡಾರು.

ಅವಳಿಗೆ ಮೂಳೆಯೇ ಬೇಕಿತ್ತು. ಎಂಟನೇ ಕ್ಲಾಸಿನಿಂದ ಬೇಕಿತ್ತು.

ನನಗೆ ಬೇಡವಾಗಿತ್ತು. ನನಗೇನು ಗೊತ್ತಿತ್ತು ಅಂತ ಕೇಳಬೇಡಿ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ. ಇಪ್ಪತ್ತು ವರ್ಷದ ಹುಡುಗರು ಟೋಪಿ ಹಾಕಿಕೊಂಡು ಯಾವುದಕ್ಕೆ ಭವಿಷ್ಯ ಇದೆ, ಯಾವುದಕ್ಕಿಲ್ಲ ಅಂತ ಬೆರಳು ತೋರಿಸಿ ಹೇಳುತ್ತಿದ್ದರು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಸ್ಟ್ರಕ್ಚರ್ಸ್ ಓದಿದ ನಮ್ಮ ಅಣ್ಣನ ಮಗ ಮನೇಲಿ ಕೂತಿದ್ದಾನೆ ಅಂತ ಹಾಕಿದರು. ಆ ಅಣ್ಣನ ಮಗನನ್ನು ನಾನು ನೋಡಿಲ್ಲ, ಆದರೆ ಅವನು ಮನೆಯಲ್ಲಿ ಕೂತಿರುವ ಭಂಗಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಲುಂಗಿ ಉಟ್ಟಿದ್ದಾನೆ. ಏವಿಯಾನಿಕ್ಸ್ ಆದರೆ ವಿಮಾನದ ಕೆಲಸ ಸಿಗದಿದ್ದರೂ ಬೇರೆ ಕಂಪನಿಗೆ ಹೋಗಬಹುದು ಅನ್ನುವುದು ನನ್ನ ವಾದ. ಫೋನಿನಲ್ಲಿ ಮಗಳಿಗೆ ದಿನಾ ಅದನ್ನೇ ಹೇಳಿದೆ. ಅವಳು ದಿನಾ ಹ್ಞೂಂ ಅಂದಳು. ನನ್ನ ಮಗಳ ಹ್ಞೂಂ ಅಂದರೆ ಇಲ್ಲ ಅಂತ.

ಕೊನೆಗೆ, ತಾತ ಏನಂತಾರೆ ಕೇಳಿ ಹೇಳಿ, ಅವರು ಹೇಳಿದ ಹಾಗೆ ಮಾಡ್ತೀನಿ ಅಂದಳು. ಅವಳೇ ಕೇಳುವ ಹಾಗಿರಲಿಲ್ಲ. ಅಷ್ಟು ಹೊತ್ತಿಗೆ ಅವರ ಎಡಗಿವಿಯೂ ಮಂದವಾಗಿತ್ತು. ಎದುರಿಗೆ ಕೂತರೆ ಕಿವಿಗೆ ಮೆಷಿನ್ನು ಹಾಕಿಕೊಂಡು, ತುಟಿ ನೋಡಿಕೊಂಡು ಹೇಗೋ ನಡೆಸುತ್ತಿದ್ದರು. ಫೋನಿನಲ್ಲಿ ಏನೂ ತಿಳಿಯುತ್ತಿರಲಿಲ್ಲ.

ಹೋದೆ. ಹೊರಗಿನ ಜಗಲಿಯಲ್ಲಿ ಕೂತಿದ್ದರು. ನನ್ನ ಕಷ್ಟವನ್ನೆಲ್ಲ ಹೇಳಿಕೊಂಡೆ, ಲುಂಗಿಯವನನ್ನೂ ಸೇರಿಸಿ. ನೀವು ಒಂದು ಮಾತು ಅಂದರೆ ಅವಳು ಕೇಳ್ತಾಳೆ, ಏವಿಯಾನಿಕ್ಸ್ ತಗೋ ಅಂತ ಅಂದುಬಿಡಿ ಅಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

“ನಾ ಮೂಳೆ ಮುಟ್ಟಿದ್ದೀನಿ ಮೇಷ್ಟ್ರೇ. ನರ ಮುಟ್ಟಿಲ್ಲ. ಮುಟ್ದೇ ಇರಾದ ಎಂಗ್ ಯೇಳ್ಲಿ?”

ಮೂಳೆ ತಗೋ ಅಂತಲಾದರೂ ಹೇಳ್ತೀರಾ ಅಂದೆ, ರೇಗಿ.

“ಅದ್ನೂ ಯೇಳಲ್ಲ. ಕೂಸು ಓದಾದು, ಕೂಸೇ ನೋಡ್ಲಿ. ನೀವು ಒಂದ್ಕಿತ ಅದ್ರ ಮಕ ನೋಡಿ ಸಾ, ಫೋನ್ ಬುಟ್ಟು.”

ಸಿಟ್ಟು ಮಾಡಿಕೊಂಡು ಮನೆಗೆ ಬಂದೆ. ಮಾರನೇ ದಿನ ಅರ್ಜಿಗೆ ಕೊನೇ ದಿನ. ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಅವಳ ಫೋನು ಬಂತು. ತಾತ ಏನಂದ್ರಪ್ಪಾ ಅಂದಳು. ಎದುರಿಗೆ ಯಾರೋ ಜೆರಾಕ್ಸ್ ಹಿಡಿದು ನಿಂತಿದ್ದರು. ನಾನು ಭುಜದಲ್ಲಿ ಫೋನು ಒತ್ತಿಕೊಂಡು ಸೀಲು ಒತ್ತುತ್ತಾ ಹೇಳಿದೆ:

“ಅವರೂ ಏವಿಯಾನಿಕ್ಸೇ ತಗೋ ಅಂದ್ರು.”

“ಹೌದಾ? ತಾತಾನೇ ಅಂದ್ರಾ?”

ಹೂಂ ಅಂದೆ. ಹಸಿರು ಇಂಕಿನಲ್ಲಿ ಸಹಿ ಹಾಕಿದೆ. ಅವಳು ಸರಿ ಅಂದಳು. ಅವಳ ಹ್ಞೂಂ ನನಗೆ ಗೊತ್ತಿತ್ತು. ಈ ‘ಸರಿ’ ಹೊಸದು.

ಆ ಸುಳ್ಳನ್ನು ನಾನು ಮರೆತೆ ಅಂದರೆ ಇನ್ನೊಂದು ಸುಳ್ಳಾಗುತ್ತದೆ. ಪ್ರತಿ ದಿನ ಹೊಸ ಕಾರಣ ಹುಡುಕಿ ಅದಕ್ಕೆ ಹೊದಿಸುತ್ತಿದ್ದೆ. ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವರು ಬೇಡ ಅಂತೇನೂ ಅನ್ನಲಿಲ್ಲವಲ್ಲ. ಮೂರನೇ ವರ್ಷದ ಮೊದಲ ಸೆಮಿಸ್ಟರ್ ಮುಗಿಯುವವರೆಗೆ ವಿಭಾಗ ಬದಲಾಯಿಸಲು ಅವಕಾಶ ಇದೆ ಅಂತ ಅದೇ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು, ಪೋಷಕರ ಸಹಿ ಬೇಕು ಅಷ್ಟೆ. ಹಾಗಾಗಿ ಇನ್ನೂ ಹೊತ್ತಿದೆ ಅಂದುಕೊಂಡೆ. ದೀಪಾವಳಿಗೆ ಬಂದಾಗ ಹೇಳೋಣ ಅಂದುಕೊಂಡೆ. ಬಂದಳು, ನಾಲ್ಕು ದಿನ ಇದ್ದಳು, ಹೋದಳು. ಸಂಕ್ರಾಂತಿಗೆ ಹೇಳೋಣ ಅಂದುಕೊಂಡೆ. ಸಂಕ್ರಾಂತಿಯ ಬೆಳಗ್ಗೆ ಹಾಸ್ಟೆಲಿನದು, ಸ್ಕಾಲರ್‌ಶಿಪ್ಪಿನದು ಅಂತ ಎರಡು ಕಾಗದ ತಂದು ಮುಂದಿಟ್ಟಳು. ನಾನು ಎಳ್ಳು ಬೆಲ್ಲ ಮೆಲ್ಲುತ್ತಾ, ಪೇಪರಿನಲ್ಲಿ ಬೂವನಹಳ್ಳಿಯ ಸುದ್ದಿ ಓದುತ್ತಾ ಎರಡಕ್ಕೂ ಸಹಿ ಹಾಕಿದೆ. ಅವಳು ಅಲ್ಲೇ ನಿಂತು ನೋಡುತ್ತಿದ್ದಳು. ಇನ್ನೂ ಇದೆಯಾ ಅಂದೆ. ಇಲ್ಲ ಅಷ್ಟೇ ಅಂದಳು.

ಆ ದಿನಗಳಲ್ಲಿ ಅವರ ಜೊತೆ ಸಂಜೆಯ ವಾಕಿಂಗ್ ಮಾತ್ರ ನಿಂತಿರಲಿಲ್ಲ. ಎರಡು ಬದಲಾವಣೆ ನನಗೆ ಕಂಡಿತ್ತು. ಕುಟ್ಟುವುದನ್ನು ಬಿಟ್ಟಿದ್ದರು. ಕಿವಿ ಪೂರಾ ಹೋದ ಮೇಲೆ ಕುಟ್ಟಿ ಏನು ಪ್ರಯೋಜನ ಅಂತಿರಬೇಕು ಅಂದುಕೊಂಡೆ. ಇನ್ನೊಂದು, ಸ್ಪ್ಯಾನರಿನ ಕತೆ. ವಾರಕ್ಕೊಂದು ಸಲ, ಕೆಲವು ವಾರ ಎರಡು ಸಲ ಅದನ್ನೇ ಹೇಳುತ್ತಿದ್ದರು. ಯೇಳ್ದೋನ್ಗೆ ಬೈಬಾರ್ದು ಅನ್ನುವಲ್ಲಿಗೆ ಬಂದು ನಿಲ್ಲಿಸಿ, ನಡೆಯುವುದನ್ನೂ ನಿಲ್ಲಿಸಿ, ನನ್ನ ತುಟಿಯನ್ನು ನೋಡುತ್ತಿದ್ದರು. ವಯಸ್ಸಾದವರಿಗೆ ಹೇಳಿದ್ದನ್ನೇ ಹೇಳುವ ಚಾಳಿ, ಪಾಪ, ಮರೆವು ಶುರುವಾಗಿರಬೇಕು ಅಂತ ಮರುಗಿದೆ. ಮನೆಗೆ ಬಂದು ಮರೆವಿನ ಕಾಯಿಲೆಯ ಲಕ್ಷಣಗಳನ್ನು ಫೋನಿನಲ್ಲಿ ಹುಡುಕಿ ಓದಿ, ನನಗೂ ಅದರಲ್ಲಿ ಅರ್ಧ ಇದೆ ಅಂತ ಹೆದರಿದ್ದೂ ಉಂಟು.

ಶಿವರಾತ್ರಿ ಕಳೆದು ಹತ್ತು ಹದಿನೈದು ದಿನಕ್ಕೆ, ಒಂದು ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರಂತೆ. ಅಷ್ಟೇ. ನಾನು ಹೋಗುವಷ್ಟರಲ್ಲಿ ಯಾರೋ ಅವರ ಜೇಬಿನ ಟಾರ್ಚನ್ನು ತೆಗೆದು ಕಿಟಕಿಯ ಮೇಲಿಟ್ಟಿದ್ದರು.

ಅವರ ಹೆಂಡತಿಯ ತವರು ಹೊಳೆನರಸೀಪುರ. ಹನ್ನೊಂದನೇ ದಿನದ ತಿಥಿ ಅಲ್ಲೇ, ಹೊಳೆಗೆ ಹತ್ತಿರದ ಭಾವಮೈದುನನ ಮನೆಯಲ್ಲಿ. ಸಹನಾ ರಜೆ ಹಾಕಿ ಬಂದಿದ್ದಳು. ಎಡೆ ಇಡುವಾಗ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಇಡುವುದು ಅವರ ಕಡೆ ಪದ್ಧತಿ. ಮುದ್ದೆ, ಸೊಪ್ಪಿನ ಸಾರು, ಚಕ್ಕುಲಿ, ಒಂದು ಹೊಸ ಬಿಳಿ ಶರ್ಟು, ಟಾರ್ಚು, ಎಲ್ಲ ಬಂದವು. ಅವರ ಹೆಂಡತಿ, ನಾವು ಅಮ್ಮಾವ್ರು ಅನ್ನುವವರು, ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೂ ಹೊರಗೂ ಓಡಾಡುತ್ತಿದ್ದರು.

“ಆ ಕಾಸು ಎಲ್ಲೋಯ್ತೋ ಕಾಣೆ ಕಣಪ್ಪ. ಬೀರು ಎಲ್ಲ ತಡಕ್ದೆ. ಅದಿಲ್ದೆ ಎಂಗ್ ಎಡೆ ಇಡಾದು?”

ಸಹನಾ ಎದ್ದಳು. ಬ್ಯಾಗಿನ ಒಳಜೇಬಿಗೆ ಕೈ ಹಾಕಿ ಆ ದಪ್ಪ ರೂಪಾಯಿಯನ್ನು ತೆಗೆದು, ಹೋಗಿ ಫೋಟೋದ ಮುಂದೆ ಇಟ್ಟಳು. ತಾತಾನೇ ಕೊಟ್ರು ಅಜ್ಜಿ, ದೀಪಾವಳಿಲಿ ಅಂದಳು.

ದೀಪಾವಳಿಯಲ್ಲಿ ಇವಳು ಅವರ ಮನೆಗೆ ಹೋಗಿದ್ದಳು. ಎದುರಿಗೆ ಕೂತಿದ್ದಳು. ಅವರು ಇವಳ ತುಟಿ ನೋಡಿದ್ದರು. ಆಮೇಲೆ ಅವರು ಕುಟ್ಟುವುದನ್ನು ಬಿಟ್ಟದ್ದು ಕಿವಿ ಹೋಗಿದ್ದರಿಂದಲ್ಲ, ನಾಣ್ಯ ಕೈಯಲ್ಲಿರಲಿಲ್ಲ. ಸ್ಪ್ಯಾನರಿನ ಕತೆ ಹೇಳಿದ್ದು ಮರೆವಿನಿಂದಲ್ಲ. ಪ್ರತಿ ವಾರ ಬಂದು ನನ್ನನ್ನೇ ಅಲ್ಲಲ್ಲಿ ಕುಟ್ಟಿ ನೋಡುತ್ತಿದ್ದರು.

ಎಡೆ ಎತ್ತಿದ ಮೇಲೆ ಅಮ್ಮಾವ್ರು ನಾಣ್ಯವನ್ನು ತೊಳೆದು ತಂದು, ಅವ್ರು ಕೊಟ್ಟಿದ್ದ ನಾ ಇಟ್ಕಂಡೇನ್ ಮಾಡ್ಲವ್ವ ಅಂತ ಅವಳ ಕೈಗೇ ಕೊಟ್ಟರು. ಹಾಸನದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳು. ಹೊಳೆಯ ಸೇತುವೆ ದಾಟಿ ಬಹಳ ದೂರ ಬಂದ ಮೇಲೆ ನಾನು ಬಾಯಿ ಬಿಟ್ಟೆ. ನಾನು ಸುಳ್ಳು ಹೇಳಿದ್ದೆ ಅಂದೆ. ಅವರು ಹಾಗೆ ಅಂದಿರಲಿಲ್ಲ ಅಂದೆ. ಹೇಳುವಾಗ ಕಂಡಕ್ಟರ್ ಟಿಕೆಟ್ ಕೇಳಲು ಬಂದಿದ್ದರಿಂದ ಎರಡು ಕಂತಿನಲ್ಲಿ ಹೇಳಬೇಕಾಯಿತು.

“ಗೊತ್ತಪ್ಪ.”

ಅವರು ಹೇಳಿದರಾ ಅಂದೆ.

“ಇಲ್ಲ. ತಾತಾ, ನೀವು ಏವಿಯಾನಿಕ್ಸ್ ತಗೋ ಅಂದ್ರಂತೆ, ಯಾಕೆ ಅಂತ ಕೇಳಿದೆ. ಯಾರಂದ್ರು ಅಂದ್ರು. ಅಪ್ಪ ಅಂದೆ. ಆಮೇಲೆ, ನಿಮ್ಮಪ್ಪ ಯೇಳ್ತಾರೆ, ವಸಿ ಟೈಮ್ ಕೊಡು, ಯೇಳ್ದಾಗ ಬೈಬ್ಯಾಡ ಅಂದ್ರು. ಈ ಕಾಸು ಕೊಟ್ರು.”

ಸೆಮಿಸ್ಟರ್ ಮುಗಿಯುವವರೆಗೂ ಹೊತ್ತಿತ್ತಲ್ಲ, ಬದಲಾಯಿಸಬಹುದಿತ್ತಲ್ಲ ಮಗಳೇ ಅಂದೆ. ಅನ್ನುವಾಗಲೇ ನನ್ನ ಮಾತು ನನಗೇ ಟೊಳ್ಳಾಗಿ ಕೇಳಿಸಿತು.

“ಸಂಕ್ರಾಂತಿಗೆ ಆ ಅರ್ಜಿ ತಂದಿದ್ದೆ. ಬ್ಯಾಗಲ್ಲೇ ಇತ್ತು. ಆ ಎರಡು ಕಾಗದದ ಕೆಳಗೆ ಇಟ್ಟಿದ್ರೆ ನೀವು ಅದಕ್ಕೂ ಸೈನ್ ಹಾಕ್ತಿದ್ರಿ. ನೋಡ್ತಾನೇ ಇರ್ಲಿಲ್ಲ.” ನಾಣ್ಯವನ್ನು ಬೆರಳ ಸಂದಿಯಲ್ಲಿ ತಿರುಗಿಸುತ್ತಿದ್ದಳು. “ಅದಕ್ಕೇ ಇಡ್ಲಿಲ್ಲ.”

ಏವಿಯಾನಿಕ್ಸ್ ಕಷ್ಟ ಆಗ್ತಿದೆಯಾ ಅಂತ ಮಾತ್ರ ಕೇಳಿದೆ. ಕೆಟ್ಟದೇನಿಲ್ಲ, ಚೆನ್ನಾಗೇ ಇದೆ ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, “ನಾನು ಆರಿಸಿದ್ದಲ್ಲ, ಅಷ್ಟೇ” ಅಂದಳು. ಬೈಯಲಿಲ್ಲ. ಶೆಡ್ಡಿನ ರೂಲ್ಸನ್ನು ಅವಳು ಪಾಲಿಸಿದಳು. ಹಾಸನ ಬರುವವರೆಗೂ ಮುಂದಿನ ಸೀಟಿನ ಬೆನ್ನಿನ ಮೇಲೆ ಸಣ್ಣಗೆ ಕುಟ್ಟುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಅದು ಟಿಣ್ಣೋ ಟಪ್ಪೋ ನನಗೆ ಕೇಳಿಸಲಿಲ್ಲ.

ಅವರು ಹೋಗಿ ಮೊನ್ನೆಗೆ ವರ್ಷವಾಯಿತು. ವರ್ಷದ ಎಡೆಗೆ ಹೊಳೆನರಸೀಪುರಕ್ಕೆ ಹೋಗಿ ಬಂದೆ. ಇದನ್ನು ಬರೆಯುವ ಮುಂಚೆ ಸಹನಾಳಿಗೆ ಕೇಳಿದೆ, ಬರೀರಿ, ಆದರೆ ಆದದ್ದನ್ನೇ ಬರೀರಿ ಅಂದಳು. ಅವಳದು ಕೊನೇ ವರ್ಷ. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿದೆ, ವಿಮಾನದ ಸಲಕರಣೆ ಮಾಡುವ ಕಂಪನಿ, ಏವಿಯಾನಿಕ್ಸ್ ವಿಭಾಗ. ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದೆ. ಆರು ಟೈಲ್ಸ್ ಟೊಳ್ಳಿರುವ ಮನೆಯ ನನ್ನ ಸಹೋದ್ಯೋಗಿ ಎರಡು ತುಂಡು ತೆಗೆದುಕೊಂಡು, ನನ್ನ ಭುಜ ತಟ್ಟಿದರು. ಸ್ಟ್ರಕ್ಚರ್ಸ್ ತಗೊಂಡಿದ್ದರೆ ಏನಾಗುತ್ತಿತ್ತೋ, ನಿಮ್ಮ ತೀರ್ಮಾನ ಸರಿಯಾಗಿತ್ತು ನೋಡಿ ಸಾರ್ ಅಂದರು.

ಸರಿ ಆಯ್ತು, ಆದರೆ ಅದು ನನ್ನ ಪುಣ್ಯ, ನನ್ನ ಕೆಲಸ ಅಲ್ಲ ಅಂದೆ.

ಎಂಥ ವಿನಯ ನೋಡಿ ಇವರದು ಅಂತ ಅವರು ಉಳಿದವರಿಗೆ ಹೇಳಿದರು.